ಗುಮಾಸ್ತರ ಗೋಡೆ ಗುನುಗಿದ್ದು

ನಮ್ಮ ಎದುರು ಮನೆಯ ಗುಮಾಸ್ತರು ಪುರಸಭೆಯ ಜನನ ಮರಣ ವಿಭಾಗದಲ್ಲಿದ್ದಾರೆ. ಊರಿನಲ್ಲಿ ಯಾರು ಹುಟ್ಟಿದರೂ, ಯಾರು ಸತ್ತರೂ, ಇವರ ಸಹಿ ಬೀಳುವವರೆಗೆ ಅದು ಬರೀ ಸುದ್ದಿ. ಇಷ್ಟು ದೊಡ್ಡ ಅಧಿಕಾರ ಕೈಯಲ್ಲಿದ್ದರೂ ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದುದು ಒಂದೇ ವಿಷಯದಲ್ಲಿ. ಅದು, ಗೋಡೆಗೆ ಒರಗಬೇಡಿ ಎನ್ನುವುದು.

ಗೋಡೆ ಅಂದರೆ ಅವರ ನಡುಮನೆಯ ಗೋಡೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವ ಓಣಿಯ ಕಡೆಗೆ ಅದರ ಬೆನ್ನು. ಯಾವ ಕಾಲದ ಗಾರೆಯೋ, ಯಾವ ಕಾಲದ ಸುಣ್ಣವೋ, ಸುಮ್ಮನೆ ನೋಡಿದರೂ ಪುಡಿ ಉದುರುತ್ತಿತ್ತು. ನಡುವೆ ಹೊಟ್ಟೆ ಬೇರೆ ಬಂದಿತ್ತು. ಆ ಮನೆಗೆ ಹೋಗಿ ಬಂದವರನ್ನು ಬೀದಿಯಲ್ಲಿ ಬೆನ್ನು ನೋಡಿಯೇ ಗುರುತಿಸಬಹುದಾಗಿತ್ತು.

ಒಂದು ಭಾನುವಾರ ಗುಮಾಸ್ತರ ಹೆಂಡತಿಯ ತಮ್ಮ ಹೊಸ ಕಪ್ಪು ಕೋಟು ಹಾಕಿಕೊಂಡು ಬಂದವನು ಮರೆತು ಒರಗಿದ. ಎದ್ದಾಗ ಅವನ ಬೆನ್ನ ಮೇಲೆ ಭೂಪಟ ಮೂಡಿತ್ತು. ಅವನು ಮನೆ ರಿಪೇರಿಯ ಕಂಟ್ರಾಕ್ಟರು. ಗೋಡೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ, ವೈದ್ಯರು ರೋಗಿಯ ಮುಂದೆಯೇ ಮನೆಯವರ ಹತ್ತಿರ ಮಾತಾಡುತ್ತಾರಲ್ಲ, ಹಾಗೆ ಅಕ್ಕನ ಹತ್ತಿರ ಹೇಳಿದ.

"ಅಕ್ಕ, ಇದನ್ನ ಕೆರೆದು ಗಿಲಾವು ಮಾಡೋಕೆ ಹೋದ್ರೆ ಗೋಡೆ ಪೂರ್ತಿ ಕೈಗೆ ಬರುತ್ತೆ. ಇದರ ಮುಂದೆ ತಗಡಿನ ಚೌಕಟ್ಟು ನಿಲ್ಲಿಸಿ ಪ್ಲಾಸ್ಟರ್ ಬೋರ್ಡ್ ಹೊಡೆದುಬಿಡೋಣ. ನಮ್ಮ ಕೆಲಸದವರನ್ನ ಕಳಿಸ್ತೀನಿ. ಮೂರು ದಿನದ ಕೆಲಸ."

ಇಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಮುಂದುವರಿಸಿದ. "ಭಾವನ ಕೈಗೆ ಮಾತ್ರ ಕೊಡಬೇಡ. ಅವರು ಒಂದು ಮೊಳೆ ಹೊಡೆಯೋಕೂ ಇಬ್ಬರು ಸಾಕ್ಷಿ ಕೇಳ್ತಾರೆ."

ಎಲ್ಲರೂ ನಕ್ಕರು. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದು ಮೂರು ವರ್ಷದಿಂದ ಇದ್ದ ಮಾವನವರು, ನಿವೃತ್ತ ಗಣಿತದ ಮೇಷ್ಟ್ರು, ಅವರೂ ನಕ್ಕರು. ಅದನ್ನೆಲ್ಲ ಗುಮಾಸ್ತರು ತಡೆದುಕೊಳ್ಳುತ್ತಿದ್ದರು. ಆದರೆ ಎಲ್ಲರಿಗಿಂತ ಮೊದಲು ನಕ್ಕವರು ಅವರ ಹೆಂಡತಿ.

ಗುಮಾಸ್ತರು ಲೋಟ ಕೆಳಗಿಟ್ಟರು. "ಯಾರನ್ನೂ ಕಳಿಸೋದು ಬೇಡ. ಈ ಗೋಡೆ ನಾನೇ ಮಾಡ್ತೀನಿ."

ಅವರು ಹನ್ನೆರಡು ದಿನ ರಜೆ ಹಾಕಿದರು. ಆ ಹನ್ನೆರಡು ದಿನ ಊರಿನಲ್ಲಿ ಅಧಿಕೃತವಾಗಿ ಯಾರೂ ಹುಟ್ಟಲಿಲ್ಲ.

ಬೋರ್ಡುಗಳನ್ನು ಅಂಗಡಿಯಿಂದ ತರುವ ದೃಶ್ಯ ನೋಡಲು ನಾವೆಲ್ಲ ಬಾಗಿಲಿಗೆ ಬಂದೆವು. ಆಳೆತ್ತರಕ್ಕಿಂತ ಉದ್ದದ ಹಲಗೆ. ಒಳಗೆ ಒಣಗಿದ ಹಿಟ್ಟಿನಂಥ ವಸ್ತು, ಎರಡೂ ಕಡೆ ದಪ್ಪ ಕಾಗದ. ಮುಂದಿನ ತುದಿ ಮಾವನವರ ಕೈಯಲ್ಲಿ, ಹಿಂದಿನ ತುದಿ ಗುಮಾಸ್ತರ ಕೈಯಲ್ಲಿ. ಮಾವನವರು ಮೂವತ್ತೆಂಟು ವರ್ಷ ಪಾಠ ಹೇಳಿದವರು, ಬೀದಿಯಲ್ಲಿ ಸಿಕ್ಕವರಲ್ಲಿ ಅರ್ಧ ಜನ ಅವರ ಶಿಷ್ಯರು. ಪ್ರತಿ ಶಿಷ್ಯನಿಗೂ ಅವರು ತಟ್ಟನೆ ನಿಂತು ಕುಶಲ ಕೇಳುತ್ತಿದ್ದರು. ಹಿಂದಿದ್ದ ಗುಮಾಸ್ತರು ಅಷ್ಟೇ ಸಲ ಬೋರ್ಡಿಗೆ ಹಣೆ ಹೊಡೆಸಿಕೊಳ್ಳುತ್ತಿದ್ದರು. ಮೊದಲನೆಯ ಬೋರ್ಡು ಹೀಗೆ ಶಿಷ್ಯವಾತ್ಸಲ್ಯಕ್ಕೆ ಬಲಿಯಾಯಿತು. ಎರಡನೆಯದು ಹೊಸ್ತಿಲಲ್ಲಿ ಮುರಿಯಿತು. ಮೂರನೆಯದು ಕ್ಷೇಮವಾಗಿ ಒಳಗೆ ಹೋಯಿತು, ಅದರ ಮೇಲೆ ಮಾವನವರು ಕೂತರು.

ಚೌಕಟ್ಟು ನಿಲ್ಲಿಸುವಾಗ ಇನ್ನೊಂದು ಸಂಗತಿ ಹೊರಬಿತ್ತು. ಮೇಲಿನಿಂದ ತೂಗುಗುಂಡು ಇಳಿಬಿಟ್ಟು ನೋಡಿದರೆ, ಆ ಹಳೇ ಗೋಡೆ ಮೇಲಕ್ಕೆ ಹೋಗುತ್ತಾ ಹೋಗುತ್ತಾ ಓಣಿಯ ಕಡೆಗೆ ವಾಲಿಕೊಂಡಿತ್ತು. ಹೊಸ ಚೌಕಟ್ಟು ನೆಟ್ಟಗೆ ನಿಂತಿತು. ಹೀಗಾಗಿ ಎರಡರ ನಡುವೆ ಕೆಳಗೆ ನಾಲ್ಕು ಬೆರಳು, ಮೇಲೆ ಒಂದು ಗೇಣಿಗೂ ಹೆಚ್ಚು ಸಂದು ಬಿತ್ತು.

"ರೀ, ಮೇಲೆ ಅಷ್ಟು ಜಾಗ ಯಾಕೆ ಬಿಟ್ರಿ?" ಎಂದು ಹೆಂಡತಿ ಕೇಳಿದರು.

"ಬೇಕಂತಲೇ ಬಿಟ್ಟಿದ್ದು. ಗೋಡೆಗೂ ಉಸಿರಾಡೋಕೆ ಜಾಗ ಬೇಕು."

ಗುಮಾಸ್ತರಿಗೆ ಒಂದು ವಿಷಯ ಗೊತ್ತಿಲ್ಲದಿದ್ದಾಗ ಅವರ ಧ್ವನಿ ತಗ್ಗುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು. ಕೇಳುವವರಿಗೆ ಅದು ಅನುಭವದ ಭಾರದಂತೆ ಕಾಣುತ್ತಿತ್ತು. ಆ ಧ್ವನಿಯಲ್ಲಿ ಅವರು ಹೇಳಿದ್ದನ್ನು ಯಾರೂ ಎರಡನೆಯ ಸಲ ಪ್ರಶ್ನಿಸುತ್ತಿರಲಿಲ್ಲ.

ಹನ್ನೆರಡನೆಯ ದಿನ ಸಂಜೆ ಕೆಲಸ ಮುಗಿಯಿತು. ಇನ್ನು ಮುಂದೆ ನಾನು ಹೇಳುವುದನ್ನು ನಂಬಬೇಕು, ಏಕೆಂದರೆ ನಾನು ಕಣ್ಣಾರೆ ಕಂಡಿದ್ದೇನೆ. ಆ ಗೋಡೆ ಅದ್ಭುತವಾಗಿತ್ತು. ಸಂದುಗಳಿಗೆ ಜಾಲರಿ ಪಟ್ಟಿ ಅಂಟಿಸಿ, ಪುಟ್ಟಿ ಬಳಿದು, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ, ಮೇಲೆ ಕೆನೆಬಣ್ಣ ಹೊಡೆದಿದ್ದರು. ಎಲ್ಲಿ ಒಂದು ಬೋರ್ಡು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ಹೇಳಲು ಸಾಧ್ಯವಿರಲಿಲ್ಲ. ರಿಜಿಸ್ಟರಿನಲ್ಲಿ ಸ್ಕೇಲು ಇಟ್ಟು ಗೆರೆ ಎಳೆದರೂ ಸೊಟ್ಟಗೆ ಬರುತ್ತಿದ್ದ ಮನುಷ್ಯನ ಕೈಯಿಂದ ಇದು ಹೇಗೆ ಹುಟ್ಟಿತೋ. ಬಂದವರು ಮೊದಲು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಆಮೇಲೆ ಅಂಗೈ ಒರೆಸಿಕೊಂಡು ಮೆಲ್ಲಗೆ ಮುಟ್ಟಿ ನೋಡುತ್ತಿದ್ದರು.

ಭಾವಮೈದುನನೂ ಬಂದ. ಚೀಲದಿಂದ ರಸಮಟ್ಟ ತೆಗೆದು ಗೋಡೆಗೆ ಹಿಡಿದ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಇನ್ನೊಂದು ಕಡೆ ಹಿಡಿದ, ಅಲ್ಲೂ ಹಾಗೇ. ನೆಲದ ಮೇಲೆ ಕೂತು ಕೆಳಗೆ ಹಿಡಿದ, ಕುರ್ಚಿ ಹತ್ತಿ ಮೇಲೆ ಹಿಡಿದ. ಆಮೇಲೆ ಏನೂ ಮಾತಾಡದೆ ಊಟ ಮಾಡಿಕೊಂಡು ಹೋದ. ಅಂಥ ಪ್ರಶಸ್ತಿಪತ್ರ ಗುಮಾಸ್ತರಿಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಎರಡು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಗೋಡೆಯ ಪಕ್ಕ ಮಲಗಿದ್ದ ಮಾವನವರು ಎದ್ದು ಕೂತರು.

"ಅಳಿಯಂದಿರೇ, ಗೋಡೆ ಏನೋ ಗುನುಗ್ತಾ ಇದೆ."

"ನಿಮ್ಮ ಕಿವಿ ಇರಬೇಕು ಮಾವ."

"ಕಿವಿ ನನ್ನದೇ. ಗುನುಗ್ತಾ ಇರೋದು ನಿಮ್ಮ ಗೋಡೆ."

ಮರುದಿನ ಹೆಂಡತಿಗೂ ಕೇಳಿಸಿತು. ಗುಮಾಸ್ತರು ಹೋಗಿ ಕಿವಿಯಿಟ್ಟರು. ಮುಚ್ಚಿದ ಬಾಗಿಲಿನ ಆಚೆ ನೂರಾರು ಮಕ್ಕಳು ಬಾಯಿ ತೆರೆಯದೆ ಪಾಠ ಓದಿಕೊಂಡ ಹಾಗೆ ಒಂದೇ ಸಮನೆ ಒಂದು ಸದ್ದು. ಅಂಗೈ ಇಟ್ಟರೆ ಗೋಡೆ ಸ್ವಲ್ಪ ಬೆಚ್ಚಗೂ ಇತ್ತು. ಅವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಾಕೆ ಕೂಸನ್ನು ಎತ್ತಿಕೊಂಡು ಬಂದಿದ್ದರು. "ಏನಣ್ಣ ಅದು ಸದ್ದು?" ಎಂದು ಕೇಳಿದರು. ಹೆಂಡತಿ ಗಂಡನ ಮುಖ ನೋಡಿದರು. ಗೊತ್ತಿಲ್ಲ ಎಂದಿದ್ದರೆ ಮೂರಕ್ಷರದಲ್ಲಿ ಮುಗಿದು ಹೋಗುತ್ತಿತ್ತು. ಗುಮಾಸ್ತರ ಧ್ವನಿ ತಗ್ಗಿತು, ಕಣ್ಣು ಅರ್ಧ ಮುಚ್ಚಿತು.

"ಹದ ಆಗ್ತಿದೆ ಕಣಮ್ಮ. ಬೋರ್ಡು ಸರಿಯಾಗಿ ಕೂತ್ರೆ ಹೀಗೆ ಹಾಡುತ್ತೆ. ಎಲ್ಲರ ಗೋಡೇನೂ ಹಾಡಲ್ಲ."

ಅಷ್ಟರಲ್ಲಿ ಆಕೆಯ ಕೂಸು, ಹುಟ್ಟಿದಾಗಿನಿಂದ ಹಗಲು ಹೊತ್ತು ಕಣ್ಣು ಮುಚ್ಚದೆ ಬೀದಿಯವರೆಲ್ಲರ ನಿದ್ದೆ ಕೆಡಿಸಿದ್ದ ಕೂಸು, ತಲೆಯನ್ನು ಅಮ್ಮನ ಭುಜಕ್ಕೆ ಹಾಕಿ ನಿದ್ದೆಹೋಯಿತು. ಆಕೆ ಕೂಸನ್ನೂ ನೋಡಿದರು, ಗೋಡೆಯನ್ನೂ ನೋಡಿದರು, ಹಿಂದೆ ಹಿಂದೆ ನಡೆದು ಹೊರಗೆ ಹೋದರು. ಸಂಜೆಯೊಳಗೆ ಸುದ್ದಿ ಬೀದಿ ಮುಟ್ಟಿತು.

ಮೊದಲು ಎಲೆಕ್ಟ್ರಿಷಿಯನ್ ಓಡಿ ಬಂದ. ಬೋರ್ಡಿನ ಹಿಂದಿನ ವೈರಿಂಗು ಅವನದು. "ಕರೆಂಟ್ ಲೀಕ್ ಆಗ್ತಿದೆ ಸಾರ್, ಯಾರೂ ಮುಟ್ಟಬೇಡಿ" ಎಂದು ಮೇನ್ ಸ್ವಿಚ್ ಕೆಳಗೆಳೆದ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಗೋಡೆ ನಿಲ್ಲಲಿಲ್ಲ. ಬೇರೆ ಸದ್ದೆಲ್ಲ ಅಡಗಿದ್ದರಿಂದ ಇನ್ನೂ ಚೆನ್ನಾಗಿ ಕೇಳಿಸತೊಡಗಿತು. ಅವನು ಟೆಸ್ಟರನ್ನು ಜೇಬಿಗೆ ಹಾಕಿಕೊಂಡು ಕೈಕಟ್ಟಿ ನಿಂತ.

"ಈ ಕೆಲಸಕ್ಕೆ ಬಂದು ಇಪ್ಪತ್ತಾರು ವರ್ಷ ಆಯ್ತು. ಕರೆಂಟ್ ತೆಗೆದ ಮೇಲೆ ಹಾಡೋ ಗೋಡೆ ಇದೇ ಮೊದಲು ಸಾರ್."

ಅಂದಿನಿಂದ ಬೀದಿಯವರು ಬರತೊಡಗಿದರು. ಬಂದವರು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಗೋಡೆಗೆ ಒರಗಿ ಕೂತರೆ ತಲೆನೋವು ಹೋಗುತ್ತದೆ ಎಂದು ದರ್ಜಿ ಹೇಳಿದ. ಮಾವನವರು ಸಂಜೆ ಐದರಿಂದ ಆರರವರೆಗೆ ವೇಳೆ ಗೊತ್ತುಮಾಡಿ, ಸಾಲಾಗಿ ಕೂರಿಸಿ, ಹಾಜರಿ ಕರೆಯುವುದೊಂದು ಬಿಟ್ಟು ಎಲ್ಲ ಮಾಡಿದರು. ನಾನೂ ಹೋಗಿ ಕೂತಿದ್ದೇನೆ. ಸುಳ್ಳೇಕೆ ಹೇಳಲಿ, ಆ ಸದ್ದು ಬೆನ್ನಿನೊಳಗೆ ಇಳಿದಾಗ ಮಾತು ಬೇಡವೆನಿಸುತ್ತಿತ್ತು. ಗುಮಾಸ್ತರು ಮಾತ್ರ ನಡುವೆ ಕಣ್ಣುಮುಚ್ಚಿ ಕೂತು, ಕೇಳಿದವರಿಗೆಲ್ಲ ಹದ ಎನ್ನುತ್ತಿದ್ದರು.

ಕೊನೆಗೆ ಪೆಟ್ಟು ಬಿದ್ದದ್ದು ಭಾವಮೈದುನನಿಗೆ. ಅವನು ಆಗ ಒಬ್ಬ ನಿವೃತ್ತ ನರ್ಸಮ್ಮನ ಮನೆಯ ನಾಲ್ಕು ಕೋಣೆಗೂ ಬೋರ್ಡು ಹೊಡೆಸುತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರರೂ ಅವರಿಗೆ ಹೆದರುತ್ತಿದ್ದರಂತೆ. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಭಾವಮೈದುನ ಗುಮಾಸ್ತರ ಮನೆಗೆ ಬಂದವನು ಕುರ್ಚಿಯಲ್ಲಿ ಕುಸಿದ.

"ಭಾವ, ನೀವು ನನ್ನ ಕಸುಬಿಗೇ ಕಲ್ಲು ಹಾಕಿದ್ರಿ."

"ನಾನೇನು ಮಾಡ್ದೆ?"

"ದೊಡ್ಡ ಸಿಸ್ಟರ್ ಸ್ಟೆತಸ್ಕೋಪ್ ತಂದು ನನ್ನ ಗೋಡೆಗಳಿಗೆ ಇಟ್ಟು ಕೇಳ್ತಾ ಇದ್ದಾರೆ. ನಾಲ್ಕು ಕೋಣೆ, ಹದಿನಾರು ಗೋಡೆ. ಒಂದರಲ್ಲೂ ಜೀವ ಇಲ್ಲ ಅಂತಾರೆ. ನಿನ್ನ ಭಾವನ ಗೋಡೆ ಹಾಡುತ್ತೆ, ನನ್ನದು ಹೆಣದ ಹಾಗೆ ನಿಂತಿದೆ, ಬಿಚ್ಚಿ ಮತ್ತೆ ಹೊಡಿ ಅಂತಾರೆ. ಎರಡು ಸಲ ಬಿಚ್ಚಿ ಹೊಡೆದಾಯ್ತು. ಕೆಲಸದವರು ನಾಳೆಯಿಂದ ಬರಲ್ಲ ಅಂದಿದ್ದಾರೆ. ಆ ಹದ ಏನು ಅಂತ ನನಗೂ ಸ್ವಲ್ಪ ಹೇಳಿಕೊಡಿ."

ಕೊನೆಯ ಮಾತು ಹೇಳುವಾಗ ಅವನ ತಲೆ ತಗ್ಗಿತ್ತು. ಈ ದಿನಕ್ಕಾಗಿ ಗುಮಾಸ್ತರು ವರ್ಷಗಟ್ಟಲೆ ಕಾದಿದ್ದರು. ಅದು ಬಂದಾಗ ಅವರು ಚಪ್ಪಲಿ ಹುಡುಕತೊಡಗಿದರು. "ಹೇಳೋಣ, ಹೇಳೋಣ" ಎಂದು ಆಫೀಸಿಗೆ ಹೊರಟುಬಿಟ್ಟರು.

ಆಫೀಸಿನಲ್ಲೂ ನೆಮ್ಮದಿ ಇರಲಿಲ್ಲ. ವಾಸದ ಮನೆಯಲ್ಲಿ ಪರವಾನಗಿ ಇಲ್ಲದೆ ಸದ್ದು ಮಾಡುವ ಗೋಡೆ ಕಟ್ಟಲಾಗಿದೆ ಎಂದು ಯಾರೋ ಅರ್ಜಿ ಹಾಕಿದ್ದರು. ಪುರಸಭೆಯ ಇಂಜಿನಿಯರರು ಫೈಲು ಹಿಡಿದು ಸ್ಥಳಕ್ಕೆ ಬಂದರು. ಗದರಿಸುವ ಮುಖ ಮಾಡಿಕೊಂಡೇ ಗೋಡೆಗೆ ಕಿವಿಯಿಟ್ಟರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಅವರು ಕಿವಿ ತೆಗೆಯಲಿಲ್ಲ. ತೆಗೆದಾಗ ಮುಖ ಬೇರೆಯಾಗಿತ್ತು.

"ನೋಡಿ, ಗೋಡೆ ಬೀಳಬಾರದು ಅಂತ ನಿಯಮ ಇದೆ. ಹಾಡಬಾರದು ಅಂತ ಎಲ್ಲೂ ಇಲ್ಲ. ಆದ್ರೂ ಅರ್ಜಿ ಬಂದಿದೆ, ಏನಿದೆ ಅಂತ ಬರೀಬೇಕು. ಭಾನುವಾರ ಬರ್ತೀನಿ. ಒಂದು ತುಂಡು ಕುಯ್ದು ತೋರಿಸಿಬಿಡಿ."

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಡುಮನೆ ತುಂಬಿತ್ತು. ಮುಂದೆ ಇಂಜಿನಿಯರರು, ಪಕ್ಕದಲ್ಲಿ ಸ್ಟೆತಸ್ಕೋಪ್ ಸಮೇತ ದೊಡ್ಡ ಸಿಸ್ಟರ್, ಅವರ ಹಿಂದೆ ನಾವೆಲ್ಲ. ಭಾವಮೈದುನ ಬೋರ್ಡು ಕುಯ್ಯುವ ಗರಗಸ ಹಿಡಿದು ಮುಂದೆ ಬಂದ. ಗುಮಾಸ್ತರು ಅಡ್ಡ ನಿಂತರು.

"ಕೊಡಿಲ್ಲಿ. ನನ್ನ ಗೋಡೆ, ನಾನೇ ಕುಯ್ತೀನಿ."

"ಕುಯ್ಯೋಕೆ ಮುಂಚೆ ಒಂದು ಮಾತು" ಎಂದರು ದೊಡ್ಡ ಸಿಸ್ಟರ್. "ಈ ಹದ ಹೇಗೆ ತರೋದು ಅಂತ ಎಲ್ಲರ ಮುಂದೆ ಹೇಳಿ. ನಮ್ಮ ಮನೆ ಕಂಟ್ರಾಕ್ಟರೂ ಕೇಳಿಸಿಕೊಳ್ಳಲಿ."

ಗುಮಾಸ್ತರು ಬಾಯಿ ತೆರೆದರು. ಕಣ್ಣು ಅರ್ಧ ಮುಚ್ಚಲು ಹೊರಟಿತ್ತು, ಆದರೆ ಎದುರಿಗೆ ಹೆಂಡತಿ ನಿಂತಿದ್ದರು. ಆಕೆ ನಗುತ್ತಿರಲಿಲ್ಲ. ಗಂಡ ಈಗ ಏನೋ ದೊಡ್ಡದನ್ನು ಹೇಳುತ್ತಾರೆಂದು ಪೂರ್ತಿ ನಂಬಿ ಕಾಯುತ್ತಿದ್ದರು. ಅದನ್ನು ನೋಡಿ ಗುಮಾಸ್ತರಿಗೆ ಸುಳ್ಳು ಹೇಳಲು ಆಗಲಿಲ್ಲ.

"ನನಗೆ ಗೊತ್ತಿಲ್ಲ" ಎಂದರು. "ಹದ ಗಿದ ಏನೂ ಇಲ್ಲ. ನಾನು ಬೋರ್ಡು ಹೊಡೆದೆ, ಅದು ನೆಟ್ಟಗೆ ಬಂತು, ಯಾಕೆ ಬಂತು ಅಂತ ಅದೂ ಗೊತ್ತಿಲ್ಲ. ಒಳಗೆ ಏನಿದೆಯೋ ಅಂತ ಹೆದರಿಕೆ ಆಗುತ್ತೆ. ಆಫೀಸಲ್ಲಿ ಕೂತ್ರೂ ಕಿವೀಲಿ ಇದೇ ಸದ್ದು."

ಭಾವಮೈದುನನಿಗೆ ಇದಕ್ಕಿಂತ ಒಳ್ಳೆಯ ಸಮಯ ಜೀವಮಾನದಲ್ಲಿ ಸಿಗುತ್ತಿರಲಿಲ್ಲ. ಆದರೆ ಅವನು ಬಂದು ಗೋಡೆಗೆ ಎರಡೂ ಅಂಗೈ ಒತ್ತಿ ನಿಂತ. "ಮೆಲ್ಲಗೆ ಕುಯ್ರಿ ಭಾವ. ನಾನು ಹಿಡ್ಕೊಂಡಿರ್ತೀನಿ" ಎಂದ.

ಎದೆಮಟ್ಟದಿಂದ ಮೇಲಕ್ಕೆ ಎರಡು ಗೇಣು ಅಗಲ, ನಾಲ್ಕು ಗೇಣು ಎತ್ತರದ ತುಂಡು ಬಿಡಿಸಿಕೊಂಡು ಬಂತು. ಮೊದಲು ಬಂದದ್ದು ವಾಸನೆ. ಬೆಚ್ಚಗಿನ ಮೇಣದ, ಒಣಹೂವಿನ, ಸಿಹಿಯಾದ ವಾಸನೆ. ಆಮೇಲೆ ಕಿಟಕಿಯ ಬಿಸಿಲು ಒಳಗೆ ಬಿತ್ತು.

ಮೇಲಿನ ತಗಡಿನ ಪಟ್ಟಿಯಿಂದ ಜೇನಿನ ಹುಟ್ಟುಗಳು ಇಳಿಬಿದ್ದಿದ್ದವು. ಒಂದರ ಹಿಂದೆ ಒಂದು, ಐದು. ಒಂದೊಂದೂ ಕುಯ್ದ ಜಾಗ ತುಂಬುವಷ್ಟು ಅಗಲ. ಮೇಲ್ಭಾಗ ಹಾಲಿನ ಬಿಳುಪು, ಕೆಳಗೆ ಬರುತ್ತಾ ಬಂಗಾರ, ಅದಕ್ಕೂ ಕೆಳಗೆ ಬೆಲ್ಲದ ಬಣ್ಣ. ಅವುಗಳ ಮೇಲೆ ಸಾವಿರಾರು ಹುಳಗಳು ಒಂದಕ್ಕೊಂದು ಒತ್ತಿಕೊಂಡು ಉಸಿರಾಡುವ ಬಟ್ಟೆಯ ಹಾಗೆ ಅಲೆಯುತ್ತಿದ್ದವು. ಇಷ್ಟು ಜನ ಬಂದು ನಿಂತಿದ್ದೇವೆಂದು ಅವು ಒಂದು ಕ್ಷಣವೂ ಕೆಲಸ ನಿಲ್ಲಿಸಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಇಂಜಿನಿಯರರ ಕೈಯಿಂದ ಪೆನ್ನು ಜಾರಿ ಬಿತ್ತು, ಅವರು ಬಗ್ಗಲಿಲ್ಲ. ಭಾವಮೈದುನ ಹುಟ್ಟುಗಳ ಅಂಚನ್ನೇ ನೋಡುತ್ತಾ, "ಒಂದು ಕೂದಲೆಳೆ ಆಚೀಚೆ ಇಲ್ಲ ಭಾವ" ಎಂದು ತನಗೇ ಹೇಳಿಕೊಂಡ ಹಾಗೆ ಹೇಳಿದ. ಮಾವನವರು ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಹೋದರು.

"ಆರು ಮೂಲೆ" ಎಂದರು. "ಎಲ್ಲಾ ಆರೇ. ಮೂವತ್ತೆಂಟು ವರ್ಷ ಕಪ್ಪುಹಲಗೆ ಮೇಲೆ ಬರೆದೆ. ಒಂದು ದಿನಾನೂ ಇಷ್ಟು ಸರಿಯಾಗಿ ಬರಲಿಲ್ಲ."

ಆಗ ಒಂದು ಹುಳ ಹಾರಿ ಬಂದು ಗುಮಾಸ್ತರ ಕಿವಿಯ ಹಾಲೆಯ ಮೇಲೆ ಕೂತು, ಕಚ್ಚಿತು. ಅವರು ಕೂಗಿದರೆ ಗುಂಪು ಗಾಬರಿಯಾಗುತ್ತದೆ, ಗುಂಪು ಗಾಬರಿಯಾದರೆ ಹುಳಗಳು ಏಳುತ್ತವೆ. ಗುಮಾಸ್ತರು ಹಲ್ಲು ಕಚ್ಚಿ ಹಿಡಿದು, "ಯಾರೂ ಅಲ್ಲಾಡಬೇಡಿ. ಒಬ್ಬೊಬ್ಬರಾಗಿ ಮೆಲ್ಲಗೆ ಹೊರಗೆ ನಡೀರಿ" ಎಂದರು. ಎರಡೂ ಕಣ್ಣಿನಿಂದ ಧಾರೆಯಾಗಿ ನೀರಿಳಿಯುತ್ತಿತ್ತು. ಈ ದೃಶ್ಯ ಕಂಡು ಅವರ ಹೃದಯ ತುಂಬಿ ಬಂದಿದೆ ಎಂದುಕೊಂಡೆವು. ಮೊದಲು ಎಲೆಕ್ಟ್ರಿಷಿಯನ್ ಕಣ್ಣೊರೆಸಿಕೊಂಡ, ಆಮೇಲೆ ದರ್ಜಿ, ಆಮೇಲೆ ಇಂಜಿನಿಯರರು. ಹೀಗೆ ಎಲ್ಲರೂ ಅಳುತ್ತಾ ಸಾಲಾಗಿ ಹೊರಗೆ ಬಂದೆವು. ದೊಡ್ಡ ಸಿಸ್ಟರ್ ಮಾತ್ರ ಗುಮಾಸ್ತರನ್ನು ಜಗುಲಿಯಲ್ಲಿ ಕೂರಿಸಿ, ಕಿವಿಯಿಂದ ಉಗುರಿನಲ್ಲಿ ಮುಳ್ಳು ಕಿತ್ತರು.

ಊರ ಹೊರಗಿನ ಜೇನು ಸಾಕುವ ಅಜ್ಜಿಯನ್ನು ಮಧ್ಯಾಹ್ನ ಕರೆತಂದರು. ಅಜ್ಜಿ ಬರಿಗೈಯನ್ನು ಸಂದಿನೊಳಗೆ ಇಟ್ಟು, ತೆಗೆದು, ಓಣಿಗೆ ಹೋಗಿ ಗೋಡೆಯ ಬೆನ್ನು ನೋಡಿದರು. ಸೂರಿನ ಕೆಳಗೆ ಒಂದು ಹಳೇ ಗಾಳಿಕಿಂಡಿ. ಬೋರ್ಡು ಹೊಡೆಯುವಾಗ ಗುಮಾಸ್ತರು ಅದನ್ನು ಮುಚ್ಚುವುದನ್ನೇ ಮರೆತಿದ್ದರು. ಹುಳಗಳು ಅಲ್ಲಿಂದ ಹೋಗಿ ಬಂದು ಮಾಡುತ್ತಿದ್ದವು. ಇಲ್ಲಿ ನಾನೂ ಒಂದು ತಪ್ಪೊಪ್ಪಿಕೊಳ್ಳಬೇಕು. ಆ ಕಿಂಡಿ ನಮ್ಮ ಅಡುಗೆಮನೆಯ ಕಿಟಕಿಗೆ ನೇರ ಎದುರು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಅಲ್ಲಿ ಹುಳ ಹಾರುವುದನ್ನು ನೋಡಿ, ಸಂಜೆ ಹೋಗಿ ಹಾಡುವ ಗೋಡೆಯ ಮುಂದೆ ಕೂತು ಅಚ್ಚರಿಪಟ್ಟವನು ನಾನು.

"ತುಡುವೆ ಜೇನು" ಎಂದರು ಅಜ್ಜಿ. "ಕತ್ತಲು, ಬೆಚ್ಚಗೆ, ಒಂದು ಹನಿ ನೀರು ಬೀಳದ ಜಾಗ. ಐವತ್ತು ವರ್ಷದಲ್ಲಿ ನಾನು ಇಂಥ ಪೆಟ್ಟಿಗೆ ಮಾಡಿಲ್ಲಪ್ಪ. ಈಗ ಹೊರಗೆ ಹೂವಿಲ್ಲ, ಎಬ್ಬಿಸಿದ್ರೆ ಸಾಯ್ತವೆ. ಮೂರು ತಿಂಗಳು ಇದ್ದುಕೊಳ್ಳಲಿ. ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಏನಂತೀರಿ?"

ಎಲ್ಲರೂ ಗುಮಾಸ್ತರ ಹೆಂಡತಿಯ ಕಡೆ ತಿರುಗಿದರು.

"ಕೇಳಿ ಬಂದವರಲ್ಲ, ನಿಜ" ಎಂದರು ಆಕೆ. "ಆದ್ರೆ ಬಂದ ದಿನದಿಂದ ಒಂದು ಲೋಟ ನೀರು ಕೇಳಿಲ್ಲ. ದುಡಿದು ತಿಂತಾ ಇದ್ದಾರೆ. ನಮ್ಮ ನೆಂಟರ ಬಗ್ಗೆ ಇಷ್ಟು ಹೇಳೋಕಾಗಲ್ಲ. ಇರಲಿ."

ಮಾವನವರಿಗೆ ಕೆಮ್ಮು ಬಂತು.

ಕುಯ್ದ ಜಾಗಕ್ಕೆ ಭಾವಮೈದುನ ತಾನೇ ಗಾಜು ತಂದು, ಗಾಳಿಯೂ ನುಸುಳದಂತೆ ಕೂರಿಸಿದ. ಗೋಡೆಯಲ್ಲಿ ವಾಸವಿರುವುದು ಕಂಡುಬಂದಿದೆ, ವಾಸಿಗಳಿಂದ ತಕರಾರಿಲ್ಲ ಎಂದು ಇಂಜಿನಿಯರರು ವರದಿ ಬರೆದರು. ಮೂರು ತಿಂಗಳಲ್ಲಿ ಇನ್ನೂ ಒಂದು ಬಾಕಿ ಇದೆ. ಗುಮಾಸ್ತರು ಈಗ ಆಫೀಸಿನಿಂದ ಬಂದವರೇ ಗಾಜಿನ ಮುಂದೆ ಕೂರುತ್ತಾರೆ. ಹೆಂಡತಿ ಪಕ್ಕದಲ್ಲಿ ಬಂದು ಕೂರುತ್ತಾರೆ. ಹುಳ ಏನು ಮಾಡುತ್ತಿದೆ ಎಂದು ಆಕೆ ಕೇಳಿದರೆ ಗುಮಾಸ್ತರು ಗೊತ್ತಿಲ್ಲ ಎನ್ನುತ್ತಾರೆ, ಇಬ್ಬರೂ ಬಗ್ಗಿ ನೋಡುತ್ತಾರೆ.

ಮೊನ್ನೆ ಸಂಜೆ ದೊಡ್ಡ ಸಿಸ್ಟರ್ ಬಂದಿದ್ದರು. ಅರ್ಧ ಗಂಟೆ ಗಾಜಿನ ಮುಂದೆ ಅಲ್ಲಾಡದೆ ನಿಂತಿದ್ದು, ಭಾವಮೈದುನನ ಕಡೆ ತಿರುಗಿದರು.

"ನನ್ನ ಗೋಡೆಗಳನ್ನ ಇನ್ನು ಬಿಚ್ಚಬೇಡ. ಹಾಗೇ ಇರಲಿ. ಓಣಿ ಕಡೆ ಕೋಣೇಲಿ ಮಾತ್ರ ಒಂದು ಕಿಂಡಿ ಮುಚ್ಚೋದು ಮರೆತುಬಿಡು."

ಭಾವಮೈದುನ ಕಕ್ಕಾಬಿಕ್ಕಿಯಾದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನು ಒಂದು ಬಿರುಕನ್ನೂ ಮುಚ್ಚದೆ ಬಿಟ್ಟವನಲ್ಲ.

"ಭಾವ, ಎಷ್ಟು ದೊಡ್ಡದು ಬಿಡೋದು?"

"ಬಾ, ಹೊರಗೆ ಹೋಗಿ ನೋಡೋಣ."

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಇಬ್ಬರೂ ಓಣಿಗೆ ಬಂದು, ಸೂರಿನ ಕಡೆಗೆ ಕತ್ತೆತ್ತಿ ನಿಂತರು. ಸಂಜೆ ಬಿಸಿಲಿನಲ್ಲಿ ಹುಳಗಳು ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಒಂದೊಂದಾಗಿ ಮನೆಗೆ ಬರುತ್ತಿದ್ದವು. ಭಾವಮೈದುನನ ಕೈಯಲ್ಲಿ ಅಳತೆ ಪಟ್ಟಿ ಬಿಚ್ಚಿಕೊಂಡೇ ಇತ್ತು. ಬೆಳಕು ಹೋಗುವವರೆಗೆ ಇಬ್ಬರೂ ಅಲ್ಲೇ ಇದ್ದರು, ಅಳತೆ ಮಾತ್ರ ಯಾರೂ ತೆಗೆಯಲಿಲ್ಲ.